ಮನೆ ಹತ್ತಿರವೇ ಬಂದು ಲಾರಿ ಎಸಿ ರಿಪೇರಿ ಮಾಡ್ತೀವಿ ಅನ್ನೋರ ಬಗ್ಗೆ ಹುಷಾರು

ಲಾರಿ ಇಟ್ಟುಕೊಂಡಿರುವವರು, ಓಡಿಸುವವರು ದಯವಿಟ್ಟು ಪೂರ್ತಿ ಓದಿ. ನನ್ನದೇ ಗಾಡಿಯ ಎಸಿ ಕಂಪ್ರೆಸರ್ (ಗ್ಯಾಸ್ ಒತ್ತಿ ಸುತ್ತಿಸುವ ಪಂಪ್) ಬಿಚ್ಚಿಕೊಂಡು ಹೋಗಿ, ಕಪ್ಪು ಬಣ್ಣ ಹೊಡೆದು, ಹೊಸದು ಅಂತ ನನಗೇ ಮಾರಿದ್ದಾನೆ ಒಬ್ಬ. 18,000 ರೂಪಾಯಿ. ಗ್ಯಾಸ್ ಅಂತ ಕಿತ್ತುಕೊಂಡಿದ್ದು ಬೇರೆ. ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು ಬಂದಿದೆ.

ನಮ್ಮದು ಹಿರಿಯೂರು ಕಡೆ. ಗಂಗಾವತಿ, ಸಿಂಧನೂರಿನಿಂದ ಅಕ್ಕಿ ಲೋಡ್ ಮಾಡಿಕೊಂಡು ಬೆಂಗಳೂರಿಗೆ ಹೋಗುವುದೇ ಜಾಸ್ತಿ. ಬೇಸಿಗೆಯಲ್ಲಿ ಆ ಕಡೆ 40 ಡಿಗ್ರಿ ದಾಟುತ್ತೆ, ಎಲ್ಲರಿಗೂ ಗೊತ್ತು. ಜೊತೆಗೆ ಎಂಜಿನ್ ಕಾವು. ಎಸಿ ಕೆಟ್ಟರೆ ಮಧ್ಯಾಹ್ನ ಕಣ್ಣು ಎಳೆಯುತ್ತೆ, ತಲೆ ಸುತ್ತುತ್ತೆ.

ನಮ್ಮ ಗಾಡಿಯಲ್ಲಿ ಎಸಿ ಪೂರ್ತಿ ಕೆಟ್ಟಿರಲಿಲ್ಲ. ಅದೇ ತಲೆನೋವು. ಬೆಳಿಗ್ಗೆ ಚೆನ್ನಾಗಿ ತಣ್ಣಗೆ ಬರುತ್ತಿತ್ತು. ಬಿಸಿಲು ಏರಿದ ಮೇಲೆ ಇದ್ದಕ್ಕಿದ್ದಂತೆ ಬಿಸಿ ಗಾಳಿ. ಡಾಬಾದಲ್ಲಿ ಊಟ ಮುಗಿಸಿ ಬಂದರೆ ಸ್ವಲ್ಪ ಹೊತ್ತು ಸರಿ ಇರುತ್ತಿತ್ತು. ಕೆಲವು ಸಲ ಹಂಪ್ ಮೇಲೆ ಹತ್ತಿ ಇಳಿದರೂ ತಾನೇ ಶುರುವಾಗುತ್ತಿತ್ತು. ಇಂಥ ಕೇಸ್ ಯಾರಿಗೆ ತೋರಿಸಿದರೂ "ಈಗ ಸರಿ ಇದೆಯಲ್ಲ" ಅಂತಾರೆ. ವರ್ಕ್‌ಶಾಪ್‌ನಲ್ಲಿ ಬಿಟ್ಟು ಬರೋಣ ಅಂದರೆ ಗಾಡಿ ನಿಂತಷ್ಟು ದಿನ ಬಾಡಿಗೆ ಇಲ್ಲ, ಕಂತು ಮಾತ್ರ ಓಡುತ್ತೆ. ಅದಕ್ಕೇ ಮನೆ ಹತ್ತಿರ ಬಂದು ಮಾಡುವವನನ್ನು ಕರೆಸಿದ್ದು. ಗೊತ್ತಿದ್ದವರೇ ನಂಬರ್ ಕೊಟ್ಟಿದ್ದರು.

ಅವನು ಬರುತ್ತಿದ್ದದ್ದು ಯಾವಾಗಲೂ ಬೆಳಿಗ್ಗೆ. ಮಧ್ಯಾಹ್ನ ಬಾ, ಆಗಲೇ ಅದು ಕೈ ಕೊಡೋದು ಅಂತ ಬಾಯಿ ಬಿಟ್ಟು ಹೇಳಿದೆ. "ಬೇಡ ಅಣ್ಣ, ಬಿಸಿಲಲ್ಲಿ ಗ್ಯಾಸ್ ಹಾಕಬಾರದು" ಅಂದ. ಪೈಪ್ ಮುಟ್ಟಿ ನೋಡಿ "ಗ್ಯಾಸ್ ಕಮ್ಮಿ" ಅಂದ. ಪ್ರೆಶರ್ ನೋಡುವ ಗೇಜ್ ಹಾಕಲಿಲ್ಲ, ಗ್ಯಾಸ್ ತೂಕ ನೋಡಲಿಲ್ಲ. ಸಣ್ಣ ಡಬ್ಬಿಯಿಂದ ತುಂಬಿಸಿ 2,500 ತೆಗೆದುಕೊಂಡ. ಬೆಳಗಿನ ತಂಪಲ್ಲಿ ಎಸಿ ಹೇಗೂ ನಡೆಯುತ್ತಿತ್ತು, ನಡೆಯಿತು. "ನೋಡಿ, ಐಸ್ ಥರ ಬರ್ತಿದೆ" ಅಂದ. ಗಾಡಿ ಬಳ್ಳಾರಿ ದಾಟುವಷ್ಟರಲ್ಲಿ ಮತ್ತೆ ಬಿಸಿ. ಫೋನ್ ಮಾಡಿದರೆ ಇನ್ನೊಮ್ಮೆ ಗ್ಯಾಸ್, ಇನ್ನೊಮ್ಮೆ ದುಡ್ಡು.

ಇಲ್ಲೊಂದು ಮಾತು ಹೇಳಲೇಬೇಕು. ಎಸಿ ಗ್ಯಾಸ್ ಅಂದರೆ ಡೀಸೆಲ್ ಅಲ್ಲ, ಓಡಿದಂತೆ ಖರ್ಚಾಗೋಕೆ. ಅದು ಮುಚ್ಚಿದ ಪೈಪಿನೊಳಗೇ ಸುತ್ತುತ್ತೆ. ಕಮ್ಮಿ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರಿಕೆ ಹುಡುಕದೆ ತುಂಬಿಸುವುದು ದುಡ್ಡು ಕೀಳುವ ಕೆಲಸ. ಗ್ಯಾಸ್ ನಿಜವಾಗಿ ಕಮ್ಮಿ ಇದ್ದರೆ ಎಸಿ ಕ್ಲಚ್ (ಕಂಪ್ರೆಸರನ್ನು ಬೆಲ್ಟ್ ಪುಲ್ಲಿಗೆ ಹಿಡಿಸಿ ಬಿಡುವ ಭಾಗ) ಟಕ್ ಟಕ್ ಅಂತ ಬೇಗ ಬೇಗ ಹಿಡಿದು ಬಿಡುತ್ತಿರುತ್ತೆ, ತಂಪು ಬೆಳಿಗ್ಗೆಯಿಂದಲೇ ಸಪ್ಪೆ ಇರುತ್ತೆ. ನಮ್ಮದು ಹಾಗಿರಲೇ ಇಲ್ಲ. ಅದನ್ನೂ ಹೇಳಿದ್ದೆ ಅವನಿಗೆ. "ನೀವು ಗಾಡಿ ಓಡ್ಸಿ, ಎಸಿ ನಾನು ನೋಡ್ಕೋತೀನಿ" ಅಂದ.

ಆಮೇಲೆ ಕಂಪ್ರೆಸರ್ ಕಥೆ. "ಒಳಗೆ ಜಾಮ್ ಆಗ್ತಿದೆ, ಬದಲಾಯಿಸಲೇಬೇಕು" ಅಂದ. 8,000 ಅಡ್ವಾನ್ಸ್ ಪಡೆದು, ಇದ್ದ ಕಂಪ್ರೆಸರ್ ಬಿಚ್ಚಿದ. ಅಳತೆಗೆ ಬೇಕು, ಎಕ್ಸ್‌ಚೇಂಜ್‌ಗೂ ಬೇಕು ಅಂತ ಗೋಣಿಚೀಲಕ್ಕೆ ಹಾಕಿಕೊಂಡು ಹೋದ. ಸಂಜೆ ಬಂದಾಗ ಕೈಯಲ್ಲಿ ಮಿರಮಿರ ಮಿಂಚುವ ಕಪ್ಪು ಕಂಪ್ರೆಸರ್. ಪೆಟ್ಟಿಗೆ ಇಲ್ಲ. "ಅಂಗಡಿಯಲ್ಲೇ ಬಿಟ್ಟು ಬಂದೆ, ಬೈಕಲ್ಲಿ ತರೋಕಾಗಲ್ಲ." ಬಿಲ್? "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಅಣ್ಣ, ನಿಮಗೇ ಲಾಸ್." ಫಿಟ್ ಮಾಡಿ, ಮತ್ತೆ ಅಳತೆ ಇಲ್ಲದೆ ಗ್ಯಾಸ್ ತುಂಬಿಸಿದ. ಮಿಕ್ಕ 10,000 ಅಲ್ಲೇ ಯುಪಿಐನಲ್ಲಿ ಹಾಕಿಸಿಕೊಂಡ.

ಮುಂದಿನ ಟ್ರಿಪ್‌ನಲ್ಲಿ ಎಸಿ ಮೊದಲಿಗಿಂತ ಜಾಸ್ತಿ ಕೈ ಕೊಡೋಕೆ ಶುರುವಾಯಿತು. ಅಷ್ಟು ದುಡ್ಡು ಕೊಟ್ಟ ಮೇಲೆ!

ಕೊನೆಗೆ ಚಳ್ಳಕೆರೆಯ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ಮನೆ ಹತ್ತಿರ ಬಂದರು. ಅವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಾ ಬಿಟ್ಟು, ಎಸಿ ಹಾಕಿ ಸುಮ್ನೆ ಕಾದರು. ಕೆಟ್ಟಾಗಲೇ ನೋಡಬೇಕು, ಸರಿ ಇದ್ದಾಗ ನೋಡಿದರೆ ಏನು ಸಿಗುತ್ತೆ ಅಂದರು.

ಬಿಸಿ ಗಾಳಿ ಬಂದ ತಕ್ಷಣ ಕಂಪ್ರೆಸರ್ ಮುಂಭಾಗ ತೋರಿಸಿದರು. ಬೆಲ್ಟ್ ಎಳೆಯುವ ಪುಲ್ಲಿ ಸುತ್ತುತ್ತಲೇ ಇತ್ತು, ಅದರ ಮುಂದಿನ ಪ್ಲೇಟ್ ನಿಂತುಬಿಟ್ಟಿತ್ತು. ಅಂದರೆ ಕ್ಲಚ್ ಹಿಡಿದಿಲ್ಲ. ಕಂಪ್ರೆಸರ್ ಜಾಮ್ ಆಗಿದ್ದರೆ ಕ್ಲಚ್ ಹಿಡಿಯುವಾಗ ಬೆಲ್ಟ್ ಕಿರುಚಬೇಕಿತ್ತು. ಆಮೇಲೆ ಮೀಟರ್ ಇಟ್ಟರು. ಗಾಡಿ 24 ವೋಲ್ಟ್‌ನದು. ಕ್ಲಚ್ ಪ್ಲೇಟನ್ನು ಎಳೆದು ಹಿಡಿಯುವ ಕಾಯಿಲ್‌ಗೆ ಸಿಗುತ್ತಿದ್ದದ್ದು 17 ಚಿಲ್ಲರೆ. ಬ್ಯಾಟರಿ ನೆಗೆಟಿವ್‌ನಿಂದ ಒಂದು ವೈರ್ ಎಳೆದು ಕಂಪ್ರೆಸರ್ ಬಾಡಿಗೆ ಒತ್ತಿದರು. ಟಕ್ ಅಂತ ಹಿಡಿಯಿತು. ಕ್ಯಾಬಿನ್‌ನಲ್ಲಿ ತಣ್ಣನೆ ಗಾಳಿ. ವೈರ್ ತೆಗೆದರೆ ಬಿಸಿ, ಇಟ್ಟರೆ ತಂಪು. ಅರ್ಥ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸಿಗುತ್ತಿರಲಿಲ್ಲ, ಅಷ್ಟೇ!

ನಮ್ಮ ಕಾಯಿಲ್‌ಗೆ ಒಂದೇ ವೈರ್. ಅರ್ಥ್ ಸಿಗುವುದು ಕಂಪ್ರೆಸರ್ ಬಾಡಿಯಿಂದ, ಅದನ್ನು ಕೂರಿಸುವ ಬ್ರಾಕೆಟ್ ಮೂಲಕ. ಬ್ರಾಕೆಟ್ ತುಕ್ಕು ಹಿಡಿದಿತ್ತು. ಬಿಸಿಯಾದಂತೆ ಕಾಯಿಲ್‌ನ ರೆಸಿಸ್ಟೆನ್ಸ್ ಏರುತ್ತೆ, ಎಳೆಯುವ ಶಕ್ತಿ ಕುಗ್ಗುತ್ತೆ. ವೋಲ್ಟೇಜೂ ಕಮ್ಮಿ ಇದ್ದರೆ ಪ್ಲೇಟ್ ಹಿಡಿಯಲ್ಲ. ತಣಿದರೆ ಮತ್ತೆ ಹಿಡಿಯುತ್ತೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ ಅನ್ನೋದಕ್ಕೂ ಹಂಪ್ ಹತ್ತಿದಾಗ ಬ್ರಾಕೆಟ್ ಅಲುಗಿ ಅರ್ಥ್ ತಾಗಿ ಸರಿ ಹೋಗುತ್ತಿದ್ದದ್ದಕ್ಕೂ ಇದೇ ಕಾರಣ.

ಗಾಡಿ ಆಫ್ ಮಾಡಿ, ಅರ್ಥ್ ಹಾಕಲು ಕಂಪ್ರೆಸರ್‌ನ ಬೋಲ್ಟ್ ಬಿಚ್ಚಿ, ಬೋಲ್ಟ್ ಕೂರುವ ಕಿವಿಯ ಮೇಲಿನ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಿದರು. ಕಪ್ಪು ಬಣ್ಣದ ಕೆಳಗೆ ಹಳೇ ಎಣ್ಣೆ ಜಿಡ್ಡು ಬಂತು. ಅದರ ಕೆಳಗೆ ಅರದಿಂದ ಉಜ್ಜಿದ ಗುರುತು. ಆ ಗುರುತು ನನಗೆ ಗೊತ್ತು! ಹಿಂದೆ ಬೋಲ್ಟ್ ಸಿಕ್ಕಿಹಾಕಿಕೊಂಡಾಗ ಟರ್ನರ್ ಹತ್ತಿರ ನಾನೇ ನಿಂತು ಆ ಕಿವಿ ಉಜ್ಜಿಸಿ ತೂತು ದೊಡ್ಡದು ಮಾಡಿಸಿದ್ದೆ. ತೂತೂ ಅದೇ. ಕಂಪ್ರೆಸರ್ ಮೇಲಿದ್ದ ನಂಬರ್ ಪ್ಲೇಟ್ ಮಾತ್ರ ಕಿತ್ತಿದ್ದ. ನನ್ನದೇ ಕಂಪ್ರೆಸರ್. ನನ್ನದೇ! ಬಣ್ಣ ಅರ್ಥ್ ಜಾಗಕ್ಕೂ ಮೆತ್ತಿದ್ದರಿಂದಲೇ ಎಸಿ ಮೊದಲಿಗಿಂತ ಜಾಸ್ತಿ ಕೆಟ್ಟಿದ್ದು. ಪಕ್ಕದಲ್ಲಿ ನನ್ನ ಮಗ, ಅಕ್ಕಪಕ್ಕದ ಮನೆಯವರು ನಿಂತಿದ್ದರು. ಮುಖ ಎತ್ತೋಕೆ ಆಗಲಿಲ್ಲ.

ಎಲೆಕ್ಟ್ರಿಷಿಯನ್ ಉಜ್ಜಿ, ವೈರ್ ತುದಿಗೆ ಹೊಸ ಲಗ್ ಹಾಕಿ, ಬ್ಯಾಟರಿ ನೆಗೆಟಿವ್‌ಗೆ ಬೇರೆ ವೈರ್ ಕೊಟ್ಟರು. ಗೇಜ್ ಹಾಕಿ ನೋಡಿದರೆ ಕಂಪ್ರೆಸರ್ ಒತ್ತಿ ಹೊರಬಿಡುವ ಕಡೆಯ (ಹೈ ಸೈಡ್) ಪ್ರೆಶರ್ ಮಿತಿ ಮೀರಿತ್ತು, ಅಳತೆ ಇಲ್ಲದೆ ಗ್ಯಾಸ್ ತುಂಬಿದ್ದಕ್ಕೆ. ಇದ್ದದ್ದನ್ನೆಲ್ಲ ಮಷಿನ್‌ಗೆ ಎಳೆದು, ಪೈಪಿನೊಳಗಿನ ಗಾಳಿ ತೆಗೆದು ವ್ಯಾಕ್ಯೂಮ್ ಮಾಡಿ, ಗಾಡಿಯ ಸ್ಟಿಕ್ಕರ್‌ನಲ್ಲಿ ಇದ್ದಷ್ಟು ಗ್ರಾಂ ಮಾತ್ರ ತೂಗಿ ಹಾಕಿದರು. ಅರ್ಥ್ ಕೆಲಸಕ್ಕೆ ತೆಗೆದುಕೊಂಡಿದ್ದು 300 ರೂಪಾಯಿ.

ಅವನಿಗೆ ಫೋನ್ ಮಾಡಿದೆ. ಮೊದಲು "ಕಂಪ್ರೆಸರ್ ಎಲ್ಲಾ ನೋಡೋಕೆ ಒಂದೇ ಥರ ಇರುತ್ತೆ ಅಣ್ಣ" ಅಂದ. ಅರದ ಗುರುತು ಹೇಳಿದೆ. "ಅಂಗಡಿಯವನು ತಪ್ಪಿ ಅದನ್ನೇ ಕೊಟ್ಟಿರಬೇಕು." ಯಾವ ಅಂಗಡಿ? ಮಾತಿಲ್ಲ. ಸರಿ, ದುಡ್ಡು ವಾಪಸ್ ಕೊಡು ಅಂದೆ. "ನಾನು ಮಾಡಿಕೊಟ್ಟಾಗ ತಣ್ಣಗೆ ಬರ್ತಿತ್ತು ಅಲ್ವಾ? ಆಮೇಲೆ ಯಾರ್ಯಾರೋ ಕೈ ಹಾಕಿದ್ರೆ ನಾನು ಜವಾಬ್ದಾರನಲ್ಲ." ಕೊನೆಗೆ ಒಂದು ಮಾತು ಅಂದ, ಅದು ಈಗಲೂ ಕಿವಿಯಲ್ಲಿದೆ. "ಲಾರಿ ಓಡ್ಸೋರಿಗೆ ಎಸಿ ಬೇರೆ ಕೇಡು."

ಹೊಸದಾಗಿ ತಯಾರಾಗುವ 3.5 ಟನ್‌ಗಿಂತ ಹೆಚ್ಚಿನ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಅಂತ ಸರ್ಕಾರವೇ ನಿಯಮ ಮಾಡಿದೆ. ಇದು ಶೋಕಿ ಅಲ್ಲ. ನಾವು ದುಡ್ಡು ಕೊಟ್ಟಿದ್ದೀವಿ, ಭಿಕ್ಷೆ ಕೇಳಿಲ್ಲ.

ಈ ನಿಯಮದಿಂದ ಎಸಿ ಲಾರಿಗಳು ಇನ್ನೂ ಜಾಸ್ತಿ ಆಗುತ್ತವೆ, ಇಂಥವರೂ ಬರುತ್ತಾರೆ. ಹಾಗಾಗಿ ಹೇಳ್ತೀನಿ. ಎಸಿ ಕೈ ಕೊಟ್ಟಾಗಲೇ ಬಂದು ನೋಡದವನನ್ನು ಗಾಡಿ ಮುಟ್ಟೋಕೆ ಬಿಡಬೇಡಿ. ಕಂಪ್ರೆಸರ್ ಮುಂದಿನ ಆ ಪ್ಲೇಟ್ ಸುತ್ತುತ್ತಿದೆಯಾ ಅಂತ ದೂರ ನಿಂತು ನೀವೇ ನೋಡಿ. ಟವೆಲ್, ಕೈ ಬೆಲ್ಟ್ ಹತ್ತಿರ ಬೇಡ. ಗೇಜ್, ಮೀಟರ್ ಇಲ್ಲದೆ ಗ್ಯಾಸ್ ಡಬ್ಬಿ ತೆಗೆದರೆ ವಾಪಸ್ ಕಳಿಸಿ. ಬಿಚ್ಚಿದ ಪಾರ್ಟ್ ನಿಮ್ಮ ಅಂಗಳ ದಾಟಬಾರದು. ಎಕ್ಸ್‌ಚೇಂಜ್ ಅಂದರೆ ಜೊತೆಗೇ ಅಂಗಡಿಗೆ ಹೋಗಿ, ಹೋಗುವ ಮೊದಲು ಆ ಪಾರ್ಟಿನ ನಂಬರ್ ಪ್ಲೇಟ್ ಫೋಟೋ ತೆಗೆಯಿರಿ.

ಈಗ ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲ, ನಿಜ. ಆದರೆ ಯುಪಿಐ ದಾಖಲೆ ಇದೆ, "ಹೊಸ ಕಂಪ್ರೆಸರ್ ಸಿಕ್ತು, ಬ್ಯಾಲೆನ್ಸ್ ರೆಡಿ ಇಟ್ಕೊಳ್ಳಿ" ಅಂತ ಅವನೇ ಕಳಿಸಿದ ವಾಯ್ಸ್ ಮೆಸೇಜ್ ಇದೆ. ಇದನ್ನೆಲ್ಲ ತೆಗೆದುಕೊಂಡು ಠಾಣೆಗೂ ಹೋಗುತ್ತೇನೆ. ಹಿರಿಯೂರು, ಚಳ್ಳಕೆರೆ ಕಡೆ ಇದೇ ಥರ ಕಂಪ್ರೆಸರ್ ಬದಲಾಯಿಸಿಕೊಂಡವರು ಇದ್ದರೆ ಇವತ್ತೇ ಸ್ವಲ್ಪ ಬಣ್ಣ ಕೆರೆದು ನೋಡಿ. ನಿಮ್ಮದೂ ಹೀಗೇ ಆಗಿದ್ದರೆ ಬನ್ನಿ, ಸೇರಿ ದೂರು ಕೊಡೋಣ.