ಕಿಟಕಿಗೆ ಹವೋರ್ಥಿಯಾ, ಬಾಲ್ಕನಿಗೆ ಜೇಡ್. ಎಚೆವೇರಿಯಾಕ್ಕೆ ಎಲ್ಲಿ ಜಾಗ?

ನರ್ಸರಿಯ ಸಕ್ಯುಲೆಂಟ್ (ದಪ್ಪ ಎಲೆ, ಕಾಂಡಗಳಲ್ಲಿ ನೀರು ಕೂಡಿಡುವ ಗಿಡ) ಸಾಲಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಗುಲಾಬಿ ಹೂವಿನಂತೆ ಎಲೆ ಸುತ್ತಿಕೊಂಡ ಎಚೆವೇರಿಯಾದ ಕಡೆಗೆ. ಮನೆಗೆ ತಂದ ಮೇಲೆ ಮೊದಲು ಕೆಡುವುದೂ ಅದೇ. ಬೆಂಗಳೂರಿನ ನಮ್ಮ ಫ್ಲ್ಯಾಟ್‌ನ ಪೂರ್ವದ ಕಿಟಕಿಯಲ್ಲಿ ಎಚೆವೇರಿಯಾ, ಜೀಬ್ರಾ ಹವೋರ್ಥಿಯಾ ಮತ್ತು ಪುಟ್ಟ ಎಲೆಯ ಜೇಡ್ ಗಿಡಗಳನ್ನು ಅಕ್ಕಪಕ್ಕ ಬೆಳೆಸುತ್ತಾ ಬಂದಿದ್ದೇನೆ. ಕುಂಡದ ಅಳತೆ ಒಂದೇ, ಮಣ್ಣಿನ ಮಿಶ್ರಣ ಒಂದೇ, ಬೆಳಗಿನ ಬಿಸಿಲೂ ಒಂದೇ. ಆದರೂ ಮೂರರ ಪಾಡು ಮೂರು ಬಗೆ.

ಸಕ್ಯುಲೆಂಟ್ ಸತ್ತರೆ ‘ನೀರು ಹೆಚ್ಚಾಯಿತು’ ಎನ್ನುವುದು ವಾಡಿಕೆ. ಅದು ಅರ್ಧ ಸತ್ಯ. ಬೆಂಗಳೂರಿನಲ್ಲಿ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ್ದು. ಬೆಳಕು ಇಳಿದಾಗ ಗಿಡದ ಬೆಳವಣಿಗೆ ನಿಧಾನವಾಗುತ್ತದೆ, ಬೇರು ಹೀರುವ ನೀರು ಕಡಿಮೆಯಾಗುತ್ತದೆ, ಕುಂಡದ ಮಣ್ಣು ಆರುವುದೇ ಇಲ್ಲ. ಏಪ್ರಿಲ್‌ನಲ್ಲಿ ಗಿಡ ಸಂತೋಷದಿಂದ ಕುಡಿದಷ್ಟೇ ನೀರು ಜುಲೈಯಲ್ಲಿ ಅದರ ಬೇರು ಕೊಳೆಸುತ್ತದೆ.

ಈ ಪರೀಕ್ಷೆಯಲ್ಲಿ ಎಚೆವೇರಿಯಾ ಪ್ರತಿ ಸಲವೂ ಸೋಲುತ್ತದೆ. ಮೆಕ್ಸಿಕೋದ ಎತ್ತರದ ಬಂಡೆಗಳ ನಡುವೆ ಪೂರ್ತಿ ಆಕಾಶ ನೋಡುತ್ತಾ ಬೆಳೆಯುವ ಗಿಡ ಅದು. ಕಿಟಕಿಯಿಂದ ಕಾಣುವ ಒಂದು ತುಂಡು ಆಕಾಶ ಅದಕ್ಕೆ ಸಾಲದು. ಮಳೆಗಾಲ ಹಿಡಿದ ಕೆಲವೇ ವಾರಗಳಲ್ಲಿ ಅದರ ಬಿಗಿಯಾದ ಸುತ್ತು ಸಡಿಲವಾಗುತ್ತದೆ, ಎಲೆಗಳು ಕೆಳಕ್ಕೆ ಬಾಗುತ್ತವೆ, ಎಲೆಯ ನಡುವೆ ಕಾಂಡ ಇಣುಕುತ್ತದೆ. ಹೀಗೆ ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ತಲೆ ಕತ್ತರಿಸಿ, ಗಾಯ ಒಣಗಿಸಿ, ಹೊಸದಾಗಿ ಬೇರು ಬಿಡಿಸುವುದೊಂದೇ ದಾರಿ. ಎಲೆಯ ಮೇಲಿನ ನಸುಬಿಳಿ ಪುಡಿಯಂತೂ ದ್ರಾಕ್ಷಿಯ ಮೇಲಿನ ಬೂದಿಯಂತೆ: ಬೆರಳು ತಾಗಿದಲ್ಲಿ ಗುರುತು ಉಳಿಯುತ್ತದೆ, ಆ ಎಲೆಯಲ್ಲಿ ಮತ್ತೆ ಮೊದಲಿನ ಹಾಗೆ ತುಂಬಿಕೊಳ್ಳುವುದಿಲ್ಲ. ಒಂದು ಮಾತು ಮಾತ್ರ ಅದರ ಪರವಾಗಿ ಹೇಳಬೇಕು. ಬುಡದಿಂದ ಇಡಿಯಾಗಿ ಕಿತ್ತ ಒಂದೇ ಒಂದು ಎಲೆಯನ್ನು ಒಣ ಮಣ್ಣಿನ ಮೇಲೆ ಸುಮ್ಮನೆ ಇಟ್ಟರೂ ಗುಲಾಬಿ ಬಣ್ಣದ ಬೇರು ಮೂಡಿ, ಪಕ್ಕದಲ್ಲಿ ಸಾಸಿವೆಯಷ್ಟು ಪುಟ್ಟ ಸಸಿ ಏಳುತ್ತದೆ. ಅದನ್ನು ನೋಡುವುದಕ್ಕಾಗಿಯೇ ನಾನು ಎಚೆವೇರಿಯಾವನ್ನು ಪೂರ್ತಿ ಬಿಟ್ಟಿಲ್ಲ.

ಜೀಬ್ರಾ ಹವೋರ್ಥಿಯಾದ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯ. ಅಲ್ಲಿಯೂ ಅದು ಬಿಸಿಲಿಗೆ ಎದೆಯೊಡ್ಡುವುದಿಲ್ಲ. ಪೊದೆಗಳ ಬುಡದಲ್ಲಿ, ಕಲ್ಲಿನ ಮರೆಯಲ್ಲಿ ಅಡಗಿ ಬದುಕುತ್ತದೆ. ಮನೆಯೊಳಗಿನ ಮಂದ ಬೆಳಕು ಅದಕ್ಕೆ ಹೊಸದಲ್ಲ. ಮಳೆಗಾಲವಿಡೀ ಅದು ಇದ್ದ ಹಾಗೆಯೇ ಇರುತ್ತದೆ, ಉದ್ದವಾಗುವುದಿಲ್ಲ, ದೂರುವುದಿಲ್ಲ. ಬೇಸಿಗೆಯ ನೇರ ಬಿಸಿಲು ಬಿದ್ದರೆ ಮಾತ್ರ ಹಸಿರು ಹೋಗಿ ಕಂದುಗೆಂಪಾಗುತ್ತದೆ. ನೆರಳಿಗೆ ಸರಿಸಿದರೆ ಮೆಲ್ಲಗೆ ಬಣ್ಣ ಮರಳುತ್ತದೆ. ಬಾಯಾರಿದಾಗ ಎಲೆಯ ತುದಿ ಒಣಗಿ, ಎಲೆಗಳು ಒಳಕ್ಕೆ ಮುದುಡುತ್ತವೆ. ಆಗ ನೀರು ಕೊಟ್ಟರೂ ತಡವೇನಲ್ಲ.

ಇದನ್ನು ‘ಫ್ಯಾಸಿಯಾಟಾ’ ಎಂಬ ಪ್ರಭೇದದ ಚೀಟಿ ಅಂಟಿಸಿ ಮಾರುವುದು ಸಾಮಾನ್ಯ. ಎಲೆಯ ಒಳಮೈಯ ಮೇಲೆ ಬೆರಳಾಡಿಸಿ ನೋಡಿ. ಒಳಗೂ ಸಣ್ಣ ಬಿಳಿ ಗುಳ್ಳೆಗಳು ತರಿತರಿಯಾಗಿ ತಾಗಿದರೆ ಅದು ಅಟೆನ್ಯುವಾಟಾ ಎಂಬ ಇನ್ನೊಂದು ಪ್ರಭೇದ. ಒಳಮೈ ನುಣುಪಾಗಿದ್ದು ಹೊರಮೈಯಲ್ಲಷ್ಟೇ ಪಟ್ಟೆಯಿದ್ದರೆ ಫ್ಯಾಸಿಯಾಟಾ. ನನ್ನ ಕೈಗೆ ಬಂದವೆಲ್ಲ ಅಟೆನ್ಯುವಾಟಾಗಳೇ. 2013ರಲ್ಲಿ ಎರಡನ್ನೂ ಹವೋರ್ಥಿಯಾಪ್ಸಿಸ್ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು. ನರ್ಸರಿಗಳಿಗೆ ಆ ಸುದ್ದಿ ಮುಟ್ಟಿಲ್ಲ, ಮುಟ್ಟಿದರೂ ಗಿಡದ ಆರೈಕೆಯೇನೂ ಬದಲಾಗುವುದಿಲ್ಲ. ದೊಡ್ಡ ಗಿಡದ ಬುಡದಲ್ಲಿ ಮರಿಗಳು ತಾವಾಗಿಯೇ ಏಳುತ್ತವೆ. ಸ್ವಂತ ಬೇರು ಬಿಟ್ಟ ಮರಿಯನ್ನು ಬಿಡಿಸಿ ನೆಟ್ಟರೆ ಮುಗಿಯಿತು. ಹೂವಿನ ಬಗ್ಗೆ ಆಸೆ ಬೇಡ: ಉದ್ದ ಕಡ್ಡಿಯ ಮೇಲೆ ಒಂದಷ್ಟು ಸಪ್ಪೆ ಬಿಳಿ ಹೂ, ಅಷ್ಟೇ.

ನಮ್ಮಲ್ಲಿ ಜೇಡ್ ಎಂದು ಕೊಡುವ ಪುಟ್ಟ ದುಂಡೆಲೆಯ, ಕೆಂಗಂದು ಕಾಂಡದ ಗಿಡ ಬಹುಮಟ್ಟಿಗೆ ಪೋರ್ಟುಲಕೇರಿಯಾ ಆಫ್ರಾ. ದಕ್ಷಿಣ ಆಫ್ರಿಕಾದ ಆನೆಗಳ ಮೇವು ಅದು. ಜೇಡ್ ಎಂದೇ ಕರೆಯುವ ದಪ್ಪ ಎಲೆಯ ಕ್ರಾಸುಲಾ ಓವಾಟಾ ಬೇರೆ ಗಿಡ. ಬೆಕ್ಕು, ನಾಯಿ ಇರುವ ಮನೆಯವರು ಈ ವ್ಯತ್ಯಾಸ ತಿಳಿದಿರಬೇಕು, ಏಕೆಂದರೆ ಕ್ರಾಸುಲಾ ಅವುಗಳಿಗೆ ವಿಷ, ಪೋರ್ಟುಲಕೇರಿಯಾ ಅಲ್ಲ. ಪೋರ್ಟುಲಕೇರಿಯಾದ ಎಲೆ ಹುಳಿ. ನೀರಿನ ಕೊರತೆ ಇದ್ದಾಗ ಗಿಡ ರಾತ್ರಿ ಮಾತ್ರ ಪತ್ರರಂಧ್ರ ತೆರೆದು, ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲಿನಲ್ಲಿ ಅದನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆಯ ಎಲೆ ಸಂಜೆಯ ಎಲೆಗಿಂತ ಹೆಚ್ಚು ಹುಳಿ. (ನರ್ಸರಿಯಿಂದ ಆಗಷ್ಟೇ ತಂದ ಗಿಡದಲ್ಲಿ ಈ ಪ್ರಯೋಗ ಬೇಡ, ಔಷಧಿ ಹೊಡೆದಿರುತ್ತಾರೆ.) ಕಿಟಕಿಯಲ್ಲಿ ಇದು ಸಾಯುವುದಿಲ್ಲ, ಆದರೆ ಕಡ್ಡಿಗಳು ಬೆಳಕಿನತ್ತ ತೆಳ್ಳಗೆ ಚಾಚಿ ಎಲೆ ಉದುರಿಸುತ್ತವೆ. ಬಾಲ್ಕನಿಗೆ ಇಟ್ಟ ಕೂಡಲೇ ಗಿಡದ ಚಹರೆಯೇ ಬದಲಾಗುತ್ತದೆ. ಚಿವುಟಿದಷ್ಟೂ ಕವಲೊಡೆಯುವುದರಿಂದ ಬೋನ್ಸಾಯ್ ಮಾಡುವವರಿಗೆ ಇದು ಅಚ್ಚುಮೆಚ್ಚು.

ಇವು ಮೂರೂ ಉಳಿಯದಷ್ಟು ಕತ್ತಲೆಯ ಮೂಲೆಗೆ ಸ್ನೇಕ್ ಪ್ಲಾಂಟ್‌ನ ‘ಹಾನಿ’ (Hahnii) ಎಂಬ ಗಿಡ್ಡ ತಳಿ ಸಾಕು. ಬದುಕುತ್ತದೆ, ಆದರೆ ನನಗೆ ಅದರಲ್ಲಿ ರಸವಿಲ್ಲ.

ಮಣ್ಣಿನ ವಿಷಯಕ್ಕೆ ಬಂದರೆ, ಗಿಡದೊಂದಿಗೆ ಬರುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅನ್ನು ಬೇರಿನಿಂದ ಬಿಡಿಸಿ ತೆಗೆಯಲೇಬೇಕು. ಅದು ಒದ್ದೆಯನ್ನು ಬಹಳ ದಿನ ಹಿಡಿದಿಡುತ್ತದೆ, ಪೂರ್ತಿ ಒಣಗಿದರೆ ನೀರನ್ನೇ ಒಳಬಿಡುವುದಿಲ್ಲ. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು, ಮೇಲೆ ಒಂದು ಹಿಡಿ ಎರೆಗೊಬ್ಬರ: ಇದು ಮೂರಕ್ಕೂ ಒಗ್ಗಿದೆ. ನೀರು ಹಾಕುವ ಮುನ್ನ ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ತಳದವರೆಗೆ ಚುಚ್ಚಿ ಎಳೆಯುತ್ತೇನೆ. ಮಣ್ಣು ಅಂಟಿಕೊಂಡು ಬಂದರೆ ನೀರಿಲ್ಲ. ಹಿಟ್ಟು ತಿಗಣೆ ಹೆಚ್ಚಾಗಿ ಬರುವುದು ಎಚೆವೇರಿಯಾದ ಎಲೆಸಂದಿಗೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದಾಗಿ ಒರೆಸಬೇಕು. ಬೇವಿನ ಎಣ್ಣೆ ಸಿಂಪಡಿಸಿದರೆ ಹುಳುವಿನ ಜೊತೆ ಎಲೆಯ ಪುಡಿಯೂ ಹೋಗುತ್ತದೆ.

ಹವೋರ್ಥಿಯಾವನ್ನು ಯಾವ ತಿಂಗಳಲ್ಲಿ ಬೇಕಾದರೂ ತನ್ನಿ. ಜೇಡ್‌ಗೆ ಬಾಲ್ಕನಿಯಲ್ಲಿ ಕೆಲವು ಗಂಟೆಯ ಬಿಸಿಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಎಚೆವೇರಿಯಾ ಬೇಕೇ ಬೇಕೆಂದರೆ ಹಿಂಗಾರು ಮುಗಿದು ಡಿಸೆಂಬರ್ ಬರಲಿ; ಆಗ ತಂದರೆ ಮುಂದಿನ ಮೋಡ ಕವಿಯುವವರೆಗೆ ಐದಾರು ತಿಂಗಳ ಒಳ್ಳೆಯ ಬೆಳಕು ಅದಕ್ಕೆ ಸಿಗುತ್ತದೆ.