ಚಕ್ಕಿಯ ಎರಡನೇ ಭಾಗಕ್ಕೇ ನನ್ನ ಓಟು

ಕೊಲೆಗಾರ ಗೊಂಬೆ ಚಕ್ಕಿಯ ಮೊದಲ ಸಿನಿಮಾ ‘ಚೈಲ್ಡ್ಸ್ ಪ್ಲೇ’ (1988) ನೋಡಿ ಮುಗಿಸಿದವರಿಗೆ ಮುಂದಿನ ಪ್ರಶ್ನೆ ಒಂದೇ: ಇಷ್ಟೊಂದು ಭಾಗಗಳಿವೆ, ಯಾವುದಕ್ಕೆ ಕೈ ಹಾಕೋದು? ಎರಡನೇ ಭಾಗ (1990), ‘ಬ್ರೈಡ್ ಆಫ್ ಚಕ್ಕಿ’ (1998), ‘ಕರ್ಸ್ ಆಫ್ ಚಕ್ಕಿ’ (2013), ಈ ಮೂರನ್ನೂ ಇತ್ತೀಚೆಗೆ ಒಂದರ ಹಿಂದೆ ಒಂದು ನೋಡಿದೆ. ಮೂರೂ ಚೆನ್ನಾಗಿವೆ. ಆದರೆ ಎದೆ ಹಿಂಡಿದ್ದು ಎರಡನೆಯದೇ.

ಕಾರಣ ಗೊಂಬೆಯಲ್ಲ, ಮೊದಲ ಭಾಗದಲ್ಲೂ ಇದ್ದ ಹುಡುಗ ಆಂಡಿ. ‘ಗೊಂಬೆ ಕೊಂದಿತು’ ಎಂದು ಹೇಳಿದ್ದಕ್ಕೆ ಆಂಡಿಯ ಅಮ್ಮನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದಾರೆ. ಹುಡುಗ ಯಾರದೋ ಮನೆಯಲ್ಲಿ ಸಾಕುಮಗ. ಆ ಮನೆಯಲ್ಲೂ ಅದೇ ಮಾದರಿಯ ಒಂದು ಗೊಂಬೆ ಇರುತ್ತದೆ, ಹೆಸರು ಟಾಮಿ. ಚಕ್ಕಿ ಅದನ್ನು ಒಡೆದು, ಹಿತ್ತಲಲ್ಲಿ ಹೂತು, ಅದರ ಜಾಗದಲ್ಲಿ ತಾನೇ ಕೂರುತ್ತಾನೆ. ಮುಂದೆ ಏನೇ ಅನಾಹುತವಾದರೂ ದೊಡ್ಡವರ ಕಣ್ಣು ಬೀಳುವುದು ಆಂಡಿಯ ಮೇಲೆ. ಶಾಲೆಯಲ್ಲಿ ಇವನ ಹಾಳೆ ಮೇಲೆ ಚಕ್ಕಿ ಕೆಟ್ಟ ಮಾತು ಗೀಚುತ್ತಾನೆ, ಟೀಚರ್ ಶಿಕ್ಷೆ ಕೊಡುವುದು ಇವನಿಗೆ. ಮಾಡದ ತಪ್ಪಿಗೆ ಚಿಕ್ಕವರಿದ್ದಾಗ ಬೈಸಿಕೊಂಡವರಿಗೆ ಈ ಸಂಕಟ ಗೊತ್ತು, ಅಲ್ವಾ? ಅಲೆಕ್ಸ್ ವಿನ್ಸೆಂಟ್ ಎಂಬ ಆ ಹುಡುಗ ಅತ್ತು ಕರೆದು ನಟಿಸುವುದಿಲ್ಲ. ಸುಮ್ನೆ ನೋಡುತ್ತಾನೆ. ಅದೇ ಸಾಕಾಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಉಯ್ಯಾಲೆಯ ದೃಶ್ಯ. ಅದೇ ಮನೆಯಲ್ಲಿರುವ ದೊಡ್ಡ ಹುಡುಗಿ ಕೈಲ್ ಹಿತ್ತಲ ಉಯ್ಯಾಲೆಯಲ್ಲಿ ಕೂತಿರುತ್ತಾಳೆ. ಕಾಲಿನ ಕೆಳಗಿನ ಮಣ್ಣು ಸರಿದು ಟಾಮಿ ಗೊಂಬೆ ಕಾಣುತ್ತದೆ. ಅಂದರೆ ಮನೆಯೊಳಗೆ ಇದ್ದದ್ದು ಯಾರು? ಹುಡುಗ ಹೇಳಿದ್ದು ನಿಜ ಎಂದು ಅವಳಿಗೆ ಹೊಳೆಯುವ ಆ ಕ್ಷಣದಲ್ಲಿ ರಕ್ತವಿಲ್ಲ, ಕಿರುಚಾಟವೂ ಇಲ್ಲ. ಕೊನೆಗೆ ಗೊಂಬೆ ಕಾರ್ಖಾನೆಯಲ್ಲಿ ನಡೆಯುವ ಹೊಡೆದಾಟವಂತೂ ಇಡೀ ಸರಣಿಯಲ್ಲೇ ನನ್ನ ಮೆಚ್ಚಿನದು. ಎಲ್ಲೆಲ್ಲೂ ಒಂದೇ ಥರದ ಬಣ್ಣದ ಡಬ್ಬಗಳು, ಗೋಡೆಯಷ್ಟು ಎತ್ತರ. ನಡುವೆ ಒಂದು ಡಬ್ಬದಷ್ಟೇ ಎತ್ತರದ ಶತ್ರು.

‘ಬ್ರೈಡ್’ ಬೇರೆಯೇ ದಾರಿ ಹಿಡಿಯುತ್ತದೆ. ರಾನಿ ಯು ನಿರ್ದೇಶನ, ಚಕ್ಕಿಯ ಪ್ರೇಯಸಿ ಟಿಫನಿಯಾಗಿ ಜೆನಿಫರ್ ಟಿಲ್ಲಿ. ಗೊಂಬೆಗಳು ಗಂಡ ಹೆಂಡತಿಯಂತೆ ಜಗಳವಾಡುತ್ತವೆ, ನಾವು ನಗುತ್ತೇವೆ. ಟಿಲ್ಲಿಯ ದನಿಯೊಂದಕ್ಕೇ ಈ ಸಿನಿಮಾ ನೋಡಬಹುದು. ಗೆಳೆಯರ ಜೊತೆ ಕೂತು ನೋಡುವುದಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಲೈಟ್ ಆರಿಸಿ ಮಲಗುವಾಗ ಭಯ ಉಳಿಯಲಿಲ್ಲ.

ಭಯವೇ ಬೇಕಿದ್ದರೆ ‘ಕರ್ಸ್’ ಗಟ್ಟಿ ಸ್ಪರ್ಧಿ. ಒಂದೇ ಮನೆ, ಒಂದೇ ರಾತ್ರಿ, ಗಾಲಿಕುರ್ಚಿಯಲ್ಲಿರುವ ನೀಕಾ. ಆ ಪಾತ್ರ ಮಾಡಿದ ಫಿಯೋನಾ ಡೂರಿಫ್, ಚಕ್ಕಿಗೆ ದನಿ ಕೊಡುವ ಬ್ರಾಡ್ ಡೂರಿಫ್ ಅವರ ಮಗಳು. ಊಟದ ದೃಶ್ಯ ನೋಡಿ: ಚಕ್ಕಿ ಒಂದು ಬಟ್ಟಲಿಗೆ ಇಲಿಪಾಷಾಣ ಹಾಕಿದ್ದಾನೆ, ಯಾವ ಬಟ್ಟಲು ಯಾರ ಮುಂದೆ ಬಂತೋ ನಮಗೂ ಗೊತ್ತಿಲ್ಲ. ಕ್ಯಾಮೆರಾ ಮೇಲಿನಿಂದ ಮೇಜನ್ನು ತೋರಿಸುತ್ತದೆ, ಒಬ್ಬೊಬ್ಬರೇ ಚಮಚ ಎತ್ತುತ್ತಾರೆ. ಕತೆ ಮತ್ತು ಚಿತ್ರಕತೆಯನ್ನು ಮೊದಲಿಂದಲೂ ಬರೆದ ಡಾನ್ ಮ್ಯಾನ್ಸಿನಿಯೇ ಇದರ ನಿರ್ದೇಶಕ, ಕೈ ಪಳಗಿದ್ದು ಕಾಣುತ್ತದೆ. ಆದರೂ ಆ ಮನೆಯವರಲ್ಲಿ ನೀಕಾ ಬಿಟ್ಟರೆ ಬೇರೆಯವರ ಮೇಲೆ ನನಗೆ ಅಕ್ಕರೆ ಹುಟ್ಟಲಿಲ್ಲ.

1991ರ ಮೂರನೇ ಭಾಗವನ್ನು ಪೈಪೋಟಿಗೆ ಸೇರಿಸಲಿಲ್ಲ. ಮಿಲಿಟರಿ ಶಾಲೆಯಲ್ಲಿ ಬಂದೂಕು ಹಿಡಿದ ಹುಡುಗರು ತುಂಬಿರುವಾಗ ಪುಟ್ಟ ಗೊಂಬೆಗೆ ಹೆದರುವುದು ಕಷ್ಟ. ಬಿಟ್ಟರೂ ನಷ್ಟವಿಲ್ಲ.

ಎರಡನೆಯದನ್ನು ನೋಡಿಯೇ ‘ಕರ್ಸ್’ಗೆ ಹೋಗಿ. ಅದರ ಅನ್‌ರೇಟೆಡ್ (ಕತ್ತರಿ ಹಾಕದ) ಆವೃತ್ತಿಯನ್ನೇ ಹುಡುಕಿ, ಹೆಸರುಗಳು ಓಡಿ ಮುಗಿಯುವವರೆಗೂ ಏಳಬೇಡಿ. ದೊಡ್ಡವನಾದ ಆಂಡಿ ಅಲ್ಲಿ ಬರುತ್ತಾನೆ, ಅದೇ ಅಲೆಕ್ಸ್ ವಿನ್ಸೆಂಟ್.