ದಂಡದ ಚಲನ್ ಅಂತ ಫೈಲ್ ಬಂದರೆ ಒತ್ತಬೇಡಿ, ನನ್ನ 38,400 ರೂಪಾಯಿ ಹೋಯಿತು

ಮೊದಲೇ ಹೇಳಿಬಿಡುತ್ತೇನೆ. ಶುಕ್ರವಾರ ರಾತ್ರಿ ನನ್ನ ನಂಬರಿನಿಂದ ನಿಮಗೆ ವಾಟ್ಸಾಪಿನಲ್ಲಿ ‘ಇ-ಚಲನ್’ (ಗಾಡಿಯ ದಂಡದ ನೋಟಿಸ್) ಅಂತ ಒಂದು ಫೈಲ್ ಬಂದಿದ್ದರೆ ಮುಟ್ಟಬೇಡಿ. ಕಳಿಸಿದ್ದು ನಾನಲ್ಲ. ದಯವಿಟ್ಟು ಡಿಲೀಟ್ ಮಾಡಿ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಅದರ ಹಿಂದಿನ ಭಾನುವಾರ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕುಂಬಳೆಗೆ ಮದುವೆಗೆ ಹೋಗಿದ್ದೆ. ನನಗೆ ಹೆಲ್ಮೆಟ್ ಇತ್ತು, ಅವಳಿಗೆ ಇರಲಿಲ್ಲ. ಕೇರಳದಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮರಾ ನೋಡಿ ದಂಡ ಹಾಕುತ್ತಾರೆ, ಹಿಂದೆ ಕೂತವರಿಗೆ ಹೆಲ್ಮೆಟ್ ಇಲ್ಲದಿದ್ದರೂ 500 ರೂಪಾಯಿ. ಹಾಗಾಗಿ ಶುಕ್ರವಾರ ಸಂಜೆ ಮೆಸೇಜ್ ಬಂದಾಗ ನನಗೆ ಚೂರೂ ಸಂಶಯ ಬರಲಿಲ್ಲ. ಸರಕಾರದ ಲಾಂಛನ, ಸರಕಾರದ ಸಾರಿಗೆ ವೆಬ್‌ಸೈಟಿನ ‘ಪರಿವಹನ್’ ಅಂತ ಹೆಸರು, ಕೆಳಗೆ ನನ್ನ ಗಾಡಿಯ ನಂಬರ್. ಕೆಎಲ್ 14ರಿಂದ ಹಿಡಿದು ಕೊನೆಯ ಅಂಕಿವರೆಗೂ ಸರಿ ಇತ್ತು.

ನಾನು ಬಿದ್ದದ್ದು ಅಲ್ಲೇ. ನನ್ನ ಗಾಡಿ ನಂಬರ್, ನನ್ನ ಫೋನ್ ನಂಬರ್ ಎರಡೂ ಗೊತ್ತಿರುವುದು ಸರಕಾರಕ್ಕೆ ಮಾತ್ರ ಅಂತ ನಂಬಿದ್ದೆ. ಈಗ ಯೋಚಿಸಿದರೆ ಶೋರೂಮಿನಲ್ಲಿ ಕೊಟ್ಟಿದ್ದೇನೆ, ಇನ್ಶೂರೆನ್ಸಿನವರಿಗೆ ಕೊಟ್ಟಿದ್ದೇನೆ, ಹೊಗೆ ತಪಾಸಣೆಯಲ್ಲಿ ಕೊಟ್ಟಿದ್ದೇನೆ. ಯಾರ ಕೈಯಿಂದ ಹೊರಗೆ ಹೋಯಿತೋ! ಯಾರನ್ನು ಕೇಳುವುದು?

“ಫೋಟೊ ಎಲ್ಲಿ?” ಅಂತ ನಾನು ಕೇಳಿದ್ದೂ ಹೌದು. “ಆ್ಯಪ್ ಹಾಕಿ ಸರ್, ಅದರಲ್ಲೇ ಕಾಣುತ್ತದೆ” ಅಂತ ಕೂಡಲೇ ಇಂಗ್ಲಿಷಿನಲ್ಲಿ ಉತ್ತರ ಬಂತು. “ಇವತ್ತೇ ಕಟ್ಟಿ, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತದೆ.” ಎಷ್ಟು ಮರ್ಯಾದೆಯ ಮಾತು! ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇತ್ತು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್. ಇದು ಅಪಾಯ ಇರಬಹುದು ಅಂತ ಫೋನೇ ಎಚ್ಚರಿಸಿತು. ಆದರೂ ಹಾಕಿದೆ. ಎಸ್‌ಎಂಎಸ್ ನೋಡಬಹುದಾ, ಕಾಂಟ್ಯಾಕ್ಟ್ ನೋಡಬಹುದಾ ಅಂತ ಕೇಳಿತು. ಎಲ್ಲದಕ್ಕೂ ಒಪ್ಪಿಗೆ ಕೊಡುತ್ತಾ ಹೋದೆ. ಆಮೇಲೆ 500 ರೂಪಾಯಿ ಕಟ್ಟಲು ಕಾರ್ಡಿನ ನಂಬರ್ ಹಾಕಿದೆ. ಚಕ್ರ ತಿರುಗುತ್ತಲೇ ಇತ್ತು. ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ಫೋನ್ ಬದಿಗಿಟ್ಟೆ.

ರಾತ್ರಿ ಹಾಲಿನ ದುಡ್ಡು ಕಳಿಸಲು ಹೋದರೆ ಖಾತೆ ಖಾಲಿ. ಎರಡು ಸಲ ಸೇರಿ 38,400. ಅಡಿಕೆ ಮಾರಿದ ದುಡ್ಡು ಅದು. ಒಂದೇ ಒಂದು ಒಟಿಪಿಯನ್ನೂ ನಾನು ನೋಡಲಿಲ್ಲ, ಯಾರಿಗೂ ಹೇಳಲಿಲ್ಲ. ಬಂದದ್ದನ್ನೆಲ್ಲ ಆ ಆ್ಯಪೇ ಓದಿಕೊಂಡಿದೆ.

ನಡುಗುತ್ತಾ ಅದೇ ನಂಬರಿಗೆ ಬರೆದೆ, ನನ್ನ ದುಡ್ಡು ವಾಪಸ್ ಕೊಡಿ, ಪೊಲೀಸರಿಗೆ ಹೇಳುತ್ತೇನೆ ಅಂತ. “ಓಕೆ ಸರ್” ಅಂತ ಉತ್ತರ. ಓಕೆ ಸರ್! ಆಮೇಲೆ ನನ್ನನ್ನು ಬ್ಲಾಕ್ ಮಾಡಿದರು. ಆ ಎರಡು ಶಬ್ದ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ಅಷ್ಟರಲ್ಲಿ ನಮ್ಮ ಪಂಪು ರಿಪೇರಿ ಮಾಡುವ ಹುಡುಗನ ಫೋನ್. “ಅಣ್ಣಾ, ನೀವು ಕಳಿಸಿದ ಫೈಲ್ ಓಪನ್ ಆಗ್ತಾ ಇಲ್ಲ, ಏನದು?” ನನ್ನ ಎದೆ ಒಡೆಯಿತು. ನೋಡಿದರೆ ಭಾವನಿಗೆ, ಯಕ್ಷಗಾನ ಸಂಘದ ಗುಂಪಿಗೆ, ಮಗಳ ಟೀಚರಿಗೆ, ಎಲ್ಲರಿಗೂ ನನ್ನ ಹೆಸರಿನಲ್ಲಿ ಹೋಗಿದೆ. ದುಡ್ಡು ಹೋದದ್ದಕ್ಕಿಂತ ಇದು ಜಾಸ್ತಿ ಸುಡುತ್ತಿದೆ.

ಆ ರಾತ್ರಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ಕಾರ್ಡ್ ನಿಲ್ಲಿಸಿದೆ. ಸೋಮವಾರ ಬ್ಯಾಂಕಿಗೆ ಹೋದೆ. “ಕಾರ್ಡ್ ನಂಬರ್ ಹಾಕಿದ್ದು ನೀವೇ ಅಲ್ವಾ? ಒಪ್ಪಿಗೆ ಕೊಟ್ಟದ್ದೂ ನೀವೇ ಅಲ್ವಾ?” ನಾಲ್ಕು ಜನರ ಎದುರು ಎರಡೆರಡು ಸಲ ಕೇಳಿದರು. ಅರ್ಜಿ ಇದ್ದದ್ದು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದುಕೊಡುತ್ತೇನೆ ಅಂದರೆ ಮುಖ ನೋಡಿದರು. ಗ್ರಾಹಕನ ತಪ್ಪಿನಿಂದ ಹೋದರೂ, ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲೇ ಇದೆ. ನನ್ನದು ದೂರಿಗೆ ಮೊದಲೇ ಹೋಗಿತ್ತು. ಅದಕ್ಕೇ ಹೇಳುವುದು, ನಾಚಿಕೆಯಿಂದ ಸುಮ್ನೆ ಕೂರಬೇಡಿ. ಮೊದಲು ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು 1930ಕ್ಕೆ ಹೇಳಿ.

ನಿಜವಾದ ಚಲನ್ ಎಪಿಕೆ ಫೈಲಾಗಿ ಬರುವುದಿಲ್ಲ. ದಂಡ ಇದೆಯಾ ಅಂತ ನೋಡಬೇಕಾದರೆ ಗವ್ ಡಾಟ್ ಇನ್ ಅಂತ ಕೊನೆಯಾಗುವ ಸರಕಾರದ ವೆಬ್‌ಸೈಟಿಗೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ನಿಮ್ಮ ನಂಬರ್ ಸರಿಯಾಗಿ ಬರೆದಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಮೆಸೇಜನ್ನು ನಂಬಬೇಡಿ. ನಾನು ನಂಬಿದ್ದು ಅದನ್ನೇ.

ನನ್ನಿಂದ ಫೈಲ್ ಬಂದು ಒತ್ತಿದವರು ಯಾರಾದರೂ ಇದ್ದರೆ ಬೈದರೂ ಪರವಾಗಿಲ್ಲ, ಈಗಲೇ ಫೋನ್ ಮಾಡಿ. ಸಂಘದ ಗುಂಪಿನಲ್ಲಿ ಇನ್ನೂ ಮೂವರು ನನ್ನ ಕರೆ ಎತ್ತಿಲ್ಲ.